ಬಿಳಿ ಕಣ ಇಳಿದಾಗಿನ ಜ್ವರ: ಒಂದು ಔಷಧ ಸಾಕೇ, ಜೋಡಿ ಬೇಕೇ?

ಕೀಮೋಥೆರಪಿಯ ನಂತರ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಪ್ರತಿ ಮೈಕ್ರೋಲೀಟರ್ ರಕ್ತಕ್ಕೆ 500ಕ್ಕಿಂತ ಕೆಳಗಿಳಿದಾಗ ಸೋಂಕು ತಗುಲಿದರೆ, ಹಲವು ಸಲ ಜ್ವರ ಬಿಟ್ಟು ಬೇರೆ ಸುಳಿವೇ ಸಿಗುವುದಿಲ್ಲ. ಕೀವು ಕಟ್ಟುವುದು, ಎದೆಯ ಎಕ್ಸ್‌ರೇಯಲ್ಲಿ ಮಚ್ಚೆ ಕಾಣುವುದು ಬಹುಪಾಲು ಈ ಕಣಗಳು ಬಂದು ಸೇರುವುದರಿಂದಲೇ. ಅವು ಇಲ್ಲದಾಗ ಸೂಜಿ ಚುಚ್ಚಿದ ಜಾಗದಲ್ಲಿ ಕೆಂಪು, ಊತ ಅಷ್ಟಾಗಿ ಕಾಣದು. ಒತ್ತಿದಾಗ ಮಾತ್ರ ರೋಗಿ ನೋವೆನ್ನಬಹುದು. ಆದ್ದರಿಂದ ಬ್ಲಡ್ ಕಲ್ಚರಿಗೆ ರಕ್ತ ತೆಗೆದು, ವರದಿಗೆ ಕಾಯದೆ, ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಶುರುಮಾಡಬೇಕು. ಅದು ಒಂದೋ ಎರಡೋ ಎಂಬುದೇ ಪ್ರಶ್ನೆ.

ಮೊದಮೊದಲು ಜೋಡಿಯೇ ಗತಿಯಾಗಿತ್ತು. ಸ್ಯೂಡೋಮೋನಾಸ್ ಎಂಬ ಬ್ಯಾಕ್ಟೀರಿಯಾ ರಕ್ತಕ್ಕೆ ಹೊಕ್ಕರೆ ಕೆಲವೇ ದಿನಗಳಲ್ಲಿ ಹಲವರ ಪ್ರಾಣ ಹೋಗುತ್ತಿದ್ದ ಕಾಲವದು. 1971ರಲ್ಲಿ ಶಿಂಪ್ಫ್ ಮತ್ತು ಸಂಗಡಿಗರು ಕಾರ್ಬೆನಿಸಿಲಿನ್ ಮತ್ತು ಜೆಂಟಾಮೈಸಿನ್ ಅನ್ನು ಕೂಡಿಸಿ ಕೊಟ್ಟು ಈ ಚಿಕಿತ್ಸೆಗೆ ಬುನಾದಿ ಹಾಕಿದರು. ಒಂದು ಔಷಧ ಬ್ಯಾಕ್ಟೀರಿಯಾದ ಗೋಡೆ ಒಡೆಯುತ್ತದೆ, ಇನ್ನೊಂದು ಒಳಹೊಕ್ಕು ಪ್ರೋಟೀನ್ ತಯಾರಿ ನಿಲ್ಲಿಸುತ್ತದೆ ಎಂಬ ತರ್ಕ ಪ್ರಯೋಗಾಲಯದಲ್ಲಿ ನಿಜವೇ ಆಗಿತ್ತು.

ರೋಗಿಯ ಮೈಯಲ್ಲಿ ಅದು ಅಷ್ಟಾಗಿ ಫಲಿಸಲಿಲ್ಲ. 1986ರಲ್ಲಿ ಅಮೆರಿಕದಲ್ಲಿ ಪಿಜ್ಜೊ ತಂಡ ಸೆಫ್ಟಾಜಿಡಿಮ್ ಒಂದನ್ನೇ ಮೂರು ಔಷಧಗಳ ಕೂಟಕ್ಕೆ ಹೋಲಿಸಿದಾಗ ಒಂಟಿ ಔಷಧ ಹಿಂದೆ ಬೀಳಲಿಲ್ಲ. ಮುಂದೆ ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಜೆಂಟಾಮೈಸಿನ್‌ನಂಥ ಅಮೈನೋಗ್ಲೈಕೋಸೈಡ್ ಸೇರಿಸಿದ್ದರಿಂದ ಸಾವು ಕಡಿಮೆಯಾಗಲಿಲ್ಲ, ಮೂತ್ರಪಿಂಡಕ್ಕೆ ಪೆಟ್ಟು ಮಾತ್ರ ಹೆಚ್ಚಿತು. ಜ್ವರ ಇಳಿಯಲಿಲ್ಲವೆಂದು ವ್ಯಾಂಕೊಮೈಸಿನ್ ಸೇರಿಸುವುದರಿಂದಲೂ ಲಾಭವಿಲ್ಲವೆಂದು 2003ರ ಯುರೋಪಿನ ಪ್ರಯೋಗ ತೋರಿಸಿತು.

ಹೋಲಿಕೆಯ ಅಳತೆಗೋಲನ್ನೂ ಇಲ್ಲಿ ಗಮನಿಸಬೇಕು. ಅನೇಕ ಪ್ರಯೋಗಗಳಲ್ಲಿ ಔಷಧ ಬದಲಾಯಿಸಿದರೆ ಅದನ್ನೇ ವೈಫಲ್ಯವೆಂದು ಎಣಿಸಿದ್ದಾರೆ. ಯಾರಿಗೆ ಯಾವ ಔಷಧ ಎಂದು ವೈದ್ಯರಿಗೆ ಗೊತ್ತಿದ್ದಾಗ, ಒಂದೇ ಔಷಧದ ಮೇಲಿರುವವರಿಗೆ ಮತ್ತೊಂದನ್ನು ಸೇರಿಸಲು ಕೈ ಬೇಗ ಹೋಗುತ್ತದೆ. ಹಾಗಾಗಿ ನಂಬಬೇಕಾದದ್ದು ಬದುಕುಳಿದವರ ಲೆಕ್ಕವನ್ನೇ.

ಈ ಲೆಕ್ಕದ ಮೇಲೆ ಸೆಫೆಪಿಮ್, ಪೈಪೆರಾಸಿಲಿನ್-ಟಾಜೊಬ್ಯಾಕ್ಟಮ್ ಅಥವಾ ಮೆರೊಪೆನೆಮ್‌ನಂಥ ಒಂದೇ ಔಷಧ ಸಾಕೆಂಬುದು ಸರಿಯಾದ ತೀರ್ಮಾನ. ಆದರೆ ಅದಕ್ಕೊಂದು ಷರತ್ತಿದೆ: ಆ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುವಂತಿರಬೇಕು. ಮೆರೊಪೆನೆಮ್ ಸೇರಿದ ಕಾರ್ಬಾಪೆನೆಮ್ ಗುಂಪಿಗೂ ಜಗ್ಗದ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಭಾರತದ ದೊಡ್ಡ ಆಸ್ಪತ್ರೆಗಳಲ್ಲಿ ಇಂದು ಅಪರೂಪವಲ್ಲ. ರಕ್ತದೊತ್ತಡ ಕುಸಿದವರಿಗೆ, ಹಿಂದೆ ಇಂಥ ಸೋಂಕಾದವರಿಗೆ ಮೊದಲ ದಿನವೇ ಎರಡನೆಯ ಔಷಧ ಬೇಕಾಗಬಹುದು. ಅಲ್ಲಿ ಅದನ್ನು ಕೊಡುವುದು ಔಷಧಗಳ ಶಕ್ತಿ ಕೂಡಲೆಂದಲ್ಲ, ಎರಡರಲ್ಲಿ ಒಂದಾದರೂ ನಾಟಲೆಂದು. ಕಲ್ಚರ್ ವರದಿ ಬಂದು ಒಂದೇ ಸಾಕೆಂದು ಕಂಡಾಗ ಇನ್ನೊಂದನ್ನು ನಿಲ್ಲಿಸಬೇಕು. ಯಾವ ಜೋಡಿ ಎಂಬುದನ್ನು ಹೇಳಬೇಕಾದದ್ದು ಬೇರೆ ದೇಶದ ಪ್ರಯೋಗವಲ್ಲ, ಆ ಆಸ್ಪತ್ರೆಯದೇ ಕಲ್ಚರ್ ವರದಿಗಳ ಲೆಕ್ಕ.