ರೀಡ್‌ಮೀಲಿ ಹೆಸರು ಬರೆದೋರೆಲ್ಲ ಡೆವಲಪರ್ ಅಲ್ಲ ಕಣ್ರೋ

(1/3)
ಬಯೋದಲ್ಲಿ "ಓಪನ್ ಸೋರ್ಸ್ ಕಾಂಟ್ರಿಬ್ಯೂಟರ್" ಅಂತ ಹಾಕ್ಕೊಂಡಿರೋ ಫ್ರೆಂಡ್ಸ್‌ಗೆಲ್ಲ ಒಂದೇ ಪ್ರಶ್ನೆ. ಏನ್ ಕಾಂಟ್ರಿಬ್ಯೂಟ್ ಮಾಡಿದ್ರಿ?

ಬಹಳ ಜನರ ಉತ್ತರ ಗೊತ್ತು ಬಿಡಿ. ಯಾವುದೋ ವಿಡಿಯೋ ನೋಡಿ, ಯಾರದೋ ಪ್ರಾಜೆಕ್ಟಿನ ರೀಡ್‌ಮೀ ಫೈಲಲ್ಲಿ ಒಂದು ಪದ ತಿದ್ದಿ, ಪುಲ್ ರಿಕ್ವೆಸ್ಟ್ ಕಳಿಸಿ, ಸ್ಕ್ರೀನ್‌ಶಾಟ್ ಸ್ಟೋರಿಗೆ ಹಾಕಿದ್ದು.

2020ರ ಅಕ್ಟೋಬರ್‌ನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಟೀ ಶರ್ಟ್‌ಗೋಸ್ಕರ ಜನ ಇದನ್ನೇ ಮಾಡಿದರು. ಕಸ ಎಷ್ಟು ಬಂತು ಅಂದ್ರೆ, ಅದನ್ನ ನಡೆಸ್ತಿದ್ದ ಡಿಜಿಟಲ್‌ಓಷನ್‌ನವರು ಅದೇ ತಿಂಗಳು ನಿಯಮ ಬದಲಿಸಿ, ಒಪ್ಪಿಕೊಂಡ ಪ್ರಾಜೆಕ್ಟ್‌ಗಳದ್ದು ಮಾತ್ರ ಲೆಕ್ಕಕ್ಕೆ ಅಂದರು. 2024ರಲ್ಲಿ ಎಕ್ಸ್‌ಪ್ರೆಸ್ ಜೆಎಸ್‌ಗೂ ಅದೇ ಗತಿ. ನಮ್ಮ ದೇಶದ್ದೇ ಒಂದು ಟ್ಯುಟೋರಿಯಲ್ ನೋಡಿದ ಹುಡುಗ್ರು ಸಾಲುಸಾಲಾಗಿ ರೀಡ್‌ಮೀ ತಿದ್ದಿ ಕಳಿಸಿದರು. ಆ ಕಡೆ ಕೂತು ಒಂದೊಂದನ್ನೇ ಕ್ಲೋಸ್ ಮಾಡೋನೂ ಮನುಷ್ಯನೇ ಅಲ್ವಾ? ಅವನಿಗೆ ಇದಕ್ಕೆ ಯಾರೂ ಸಂಬಳ ಕೊಡಲ್ಲ.

(2/3)
ಇನ್ನೊಂದು ಪಾರ್ಟಿ ಇದೆ. "ಬಿಕಾಂ ಓದ್ಕೊಂಡು ಕೋಡಿಂಗ್ ಯಾಕ್ಲಾ, ಟ್ಯಾಲಿ ಕಲ್ತು ಆಡಿಟರ್ ಆಫೀಸ್ ಸೇರ್ಕೊ" ಅನ್ನೋರು. ಟ್ಯಾಲಿ ಮೇಲೆ ನನಗೇನೂ ಸಿಟ್ಟಿಲ್ಲ. ಬೆಂಗಳೂರಲ್ಲಿ ಹುಟ್ಟಿದ ಸಾಫ್ಟ್‌ವೇರ್, ಕೆಲಸಕ್ಕೂ ಬೇಕು. ಆದ್ರೆ ಅದರ ಹೊಟ್ಟೆಯೊಳಗೆ ಏನ್ ನಡೀತಿದೆ ಅಂತ ನೋಡೋಕೆ ನಮಗೆ ಬಿಡಲ್ಲ. ಬಟನ್ ಒತ್ತೋದು ಕಲೀತೀವಿ, ಅಷ್ಟೇ.

ಸತ್ಯ ಹೇಳ್ಲಾ? ಗಿಟ್ ಅನ್ನೋದು ಇಂಜಿನಿಯರಿಂಗ್ ಹುಡುಗ್ರಿಗಿಂತ ನಮಗೆ ಬೇಗ ಅರ್ಥ ಆಗ್ಬೇಕು. ಜರ್ನಲಲ್ಲಿ ಎಂಟ್ರಿ ಹಾಕಿ ಕೆಳಗೆ ನರೇಶನ್ ಬರೀತೀವಲ್ಲ, ಕಮಿಟ್ ಮೆಸೇಜ್ ಅಂದ್ರೆ ಅದೇ. ಯಾವತ್ತು, ಯಾರು, ಯಾಕೆ ಬದಲಿಸಿದ್ರು ಅನ್ನೋದು ಅಲ್ಲಿರುತ್ತೆ. ಲೆಕ್ಕದಲ್ಲಿ ತಪ್ಪಾದರೆ ಹಳೇದನ್ನ ಅಳಿಸಲ್ಲ, ಸರಿಪಡಿಸೋ ಎಂಟ್ರಿ ಇನ್ನೊಂದು ಹಾಕ್ತೀವಿ. ಗಿಟ್ ರಿವರ್ಟ್ ಮಾಡೋದೂ ಇದನ್ನೇ. ಹಳೇ ಕಮಿಟ್ ಹಾಗೇ ಇರುತ್ತೆ, ಅದನ್ನ ರದ್ದು ಮಾಡೋ ಹೊಸದು ಮೇಲೆ ಬರುತ್ತೆ. ಮೊದಲ ಸೆಮಿಸ್ಟರ್‌ನಲ್ಲೇ ಕಲಿತಿದ್ದನ್ನ ಬೇರೆ ಹೆಸರಲ್ಲಿ ಹೇಳಿದ ಕೂಡಲೇ "ನಮಗಲ್ಲ ಗುರು" ಅಂತ ಹೆದರಿದ್ರೆ ಹೆಂಗೆ?

ಇನ್ನೂ ಹತ್ತಿರದ್ದು ಹೇಳ್ತೀನಿ. ನಮ್ ಕಡೆ ಆಲೆಮನೆಯಿಂದ ಬರೋ ಬೆಲ್ಲ. ಬಿಡಿಯಾಗಿ ಮಾರಿದರೆ ಜಿಎಸ್‌ಟಿ ಇಲ್ಲ. ಅದೇ ಬೆಲ್ಲ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದರೆ 5%, 2022ರ ಜುಲೈ 18ರಿಂದ. ಒಂದೇ ಅಂಗಡಿ, ಒಂದೇ ಸರಕು, ಎರಡು ಬಿಲ್. ಇದು ಮಂಡ್ಯದ ಬಿಕಾಂ ಹುಡುಗಿಗೆ ಗೊತ್ತು, ಎಲ್ಲೋ ಜರ್ಮನಿಯಲ್ಲಿ ಕೂತು ಕೋಡ್ ಬರೆಯೋನಿಗೆ ಗೊತ್ತಿಲ್ಲ. ಇಆರ್‌ಪಿನೆಕ್ಸ್ಟ್ ಮುಂಬೈನ ಫ್ರಾಪೆಯವರದು, ಪೂರ್ತಿ ಓಪನ್ ಸೋರ್ಸ್. ಅದಕ್ಕೆ ಜಿಎಸ್‌ಟಿ ಕೆಲಸ ಮಾಡೋ ಇಂಡಿಯಾ ಕಾಂಪ್ಲಯನ್ಸ್ ಅನ್ನೋ ಆ್ಯಪ್‌ನ ಕೋಡೂ ತೆರೆದೇ ಇದೆ. ಡೆಮೊ ಹಾಕ್ಕೊಂಡು ಈ ಎರಡು ಬಿಲ್ ಮಾಡಿ ನೋಡಿ. ಎಲ್ಲಾದ್ರೂ ಲೆಕ್ಕ ಎಡವಿದ್ರೆ, ಏನ್ ಮಾಡಿದೆ, ಏನ್ ಬರಬೇಕಿತ್ತು, ಏನ್ ಬಂತು ಅಂತ ಮೂರು ಸಾಲು ಬರೆದು ಕಳಿಸಿ. ನೂರು ರೀಡ್‌ಮೀ ತಿದ್ದುಪಡಿಗಿಂತ ಆ ಮೂರು ಸಾಲಿಗೆ ತೂಕ ಜಾಸ್ತಿ.

(3/3)
"ಬಿಟ್ಟಿ ಕೆಲಸ ಯಾಕ್ ಮಾಡ್ಬೇಕು? ಲಾಭ ಕಂಪನಿಗೆ ತಾನೇ?" ಅಂತ ಒಬ್ಬ ಡಿಎಂ ಮಾಡಿದ್ದ. ನ್ಯಾಯವಾದ ಪ್ರಶ್ನೆ. ದೊಡ್ಡ ಕಂಪನಿಗಳು ಇದನ್ನ ಫ್ರೀಯಾಗಿ ತಗೊಂಡು ಕೋಟಿ ಮಾಡ್ತಾವೆ, ಸುಳ್ಳಲ್ಲ. ಎಲ್ಲರೂ ಸುಮ್ನೆ ಕೂತಿಲ್ಲ ಅನ್ನೋದೂ ನಿಜ. ಕ್ಲಾಸಲ್ಲಿ ಅರ್ಧ ಜನ ಅಕೌಂಟ್ ಮಾಡ್ಸಿರೋ ಜೆರೋಧಾ, 2024ರಲ್ಲಿ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಅಂತ ವರ್ಷಕ್ಕೆ 10 ಲಕ್ಷ ಡಾಲರ್ ನಿಧಿ ಘೋಷಿಸ್ತು. ಆದ್ರೂ ಬೆಳಗ್ಗೆ ಎಳನೀರು ಮಾರ್ಕೆಟ್‌ನಲ್ಲಿ ಅಪ್ಪನ ಜೊತೆ ನಿಂತು ಆಮೇಲೆ ಕಾಲೇಜಿಗೆ ಬರೋ ಹುಡುಗನಿಗೆ "ಪ್ಯಾಶನ್ ಇರ್ಬೇಕು" ಅಂತ ಭಾಷಣ ಬಿಡೋರ ಜೊತೆ ನಾನಿಲ್ಲ. ಅವನು ಯಾರಿಗೂ ಏನೂ ಕೊಡ್ಬೇಕಾಗಿಲ್ಲ. ಮೊದಲು ಅವನ ಕೆಲಸಕ್ಕೆ ಬಳಸ್ಲಿ.

ಅದೇ ಮಾರ್ಕೆಟ್ ಲೆಕ್ಕನೇ ತಗೊಳ್ಳಿ. ಕಾಯಿ ಎಷ್ಟು, ರೇಟ್ ಎಷ್ಟು, ಕಮಿಷನ್, ಲಾರಿ ಬಾಡಿಗೆ. ಬೀನ್‌ಕೌಂಟ್ ಅಂತ ಒಂದಿದೆ, ಡಬಲ್ ಎಂಟ್ರಿ ಲೆಕ್ಕನ ಬರೀ ಟೆಕ್ಸ್ಟ್ ಫೈಲಲ್ಲಿ ಬರೆಯೋದು. ಹಳೇ ಲ್ಯಾಪ್‌ಟಾಪ್ ಸಾಕು. ಡೆಬಿಟ್ ಕ್ರೆಡಿಟ್ ತಾಳೆ ಆಗದಿದ್ರೆ ಅದೇ ಬೈಯುತ್ತೆ, ನಮ್ಮ ಮೇಷ್ಟ್ರ ಥರ. ಒಂದು ತಿಂಗಳ ಲೆಕ್ಕ ಬರೀರಿ, ಗಿಟ್‌ನಲ್ಲಿ ಇಡಿ. ಆಮೇಲೆ "ಯಾವ ವಾರ ಕಮಿಷನ್ ಜಾಸ್ತಿ ಹೋಯ್ತು" ಅಂತ ಕೇಳೋಕೆ ಹತ್ತು ಸಾಲು ಪೈಥಾನ್ ಬೇಕಾಗುತ್ತೆ. ಅದನ್ನ ಬರೆಯೋಕೆ ಬೇರೆಯವರ ಕೋಡ್ ಓದ್ಬೇಕಾಗುತ್ತೆ. ಬೀನ್‌ಕೌಂಟೂ ಪೈಥಾನ್‌ನಲ್ಲೇ ಇದೆ, ತೆಗೆದು ಓದಿ, ಯಾರೂ ಫೀಸ್ ಕೇಳಲ್ಲ. ಸಾವಿರಾರು ರೂಪಾಯಿ ಕಿತ್ಕೊಂಡು ಕೊನೆಗೊಂದು ಸರ್ಟಿಫಿಕೇಟ್ ಕೊಡೋ ಕೋರ್ಸಲ್ಲಿ ಈ ಭಾಗ ಹೇಳ್ಕೊಡೋದೇ ಇಲ್ಲ.

ಒಳ್ಳೇ ಬಗ್ ರಿಪೋರ್ಟ್ ಬರೆಯೋದು ಹೆಂಗೆ ಅಂತ ಮುಂದಿನ ಪೋಸ್ಟಲ್ಲಿ ಹಾಕ್ತೀನಿ. ಅಲ್ಲೀವರೆಗೂ ದಯವಿಟ್ಟು ಯಾರದೂ ರೀಡ್‌ಮೀ ಮುಟ್ಟಬೇಡಿ.

#ಮದ್ದೂರು #ಬಿಕಾಂ #ಓಪನ್‌ಸೋರ್ಸ್