ತಗರದ ಬಿರುದು, ಠಾಣೆಯ ನೆಲ

ನವೆಂಬರ್ ತಿಂಗಳಲ್ಲಿ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಯಾವ ಕನ್ನಡ ವೇದಿಕೆಯ ಮುಂದೆ ಕುಳಿತರೂ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: ‘ನಾವು ಇಲ್ಲಿಗೆ ಬರಿದೇ ಹೊಟ್ಟೆಪಾಡಿಗೆ ಬಂದವರಲ್ಲ, ಈ ನೆಲವನ್ನು ಆಳಿದವರೇ ಕನ್ನಡ ಅರಸರು.’ ಸಭೆ ಚಪ್ಪಾಳೆ ತಟ್ಟುತ್ತದೆ. ಭಾಷಣಕಾರರು ಶಿಲಾಹಾರರ ಹೆಸರು ಹೇಳಿ, ಅಂಬರನಾಥದ ಶಿವಾಲಯವನ್ನು ಸಾಕ್ಷಿಗೆ ಕರೆದು ಮುಂದಿನ ವಿಷಯಕ್ಕೆ ಹೋಗುತ್ತಾರೆ. ಸಭೆಯಲ್ಲಿರುವವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗೇ ಬಂದವರು ಎಂಬುದು ಬೇರೆ ಮಾತು. ನಾನಂತೂ ವರ್ಗಾವಣೆಯ ಆದೇಶ ಹಿಡಿದು ರಬಾಳೆಗೆ ಬಂದವನು. ಆ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಅದು ಎಷ್ಟು ಭಾರ ಹೊರಬಲ್ಲದು, ಅದನ್ನು ನಾವು ಯಾತಕ್ಕೆ ಬಳಸುತ್ತಿದ್ದೇವೆ ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲು ಅರಸರ ವಿಚಾರ. ಶಿಲಾಹಾರರಲ್ಲಿ ಮೂರು ಶಾಖೆಗಳಿದ್ದವು: ಉತ್ತರ ಕೊಂಕಣ, ದಕ್ಷಿಣ ಕೊಂಕಣ, ಕೊಲ್ಲಾಪುರ. ನಮ್ಮ ಠಾಣೆಗೆ ಸಂಬಂಧಿಸಿದ್ದು ಮೊದಲನೆಯದು. ಸುಮಾರು ಕ್ರಿ.ಶ. 800ರಲ್ಲಿ ಮೊದಲ ಕಪರ್ದಿ ರಾಷ್ಟ್ರಕೂಟರ ಆಶ್ರಯದಲ್ಲಿ ಇಲ್ಲಿ ನೆಲೆಗೊಂಡ; ಸುಮಾರು 1265ರಲ್ಲಿ ಕೊನೆಯ ಸೋಮೇಶ್ವರನೊಡನೆ ವಂಶದ ಆಳ್ವಿಕೆ ಮುಗಿಯಿತು. ನಾಲ್ಕೂವರೆ ಶತಮಾನ. ಶಾಸನಗಳು ಈ ನಾಡನ್ನು ಪುರಿ ಮೊದಲಾದ 1400 ಗ್ರಾಮಗಳ ಕೊಂಕಣವೆಂದು ಕರೆಯುತ್ತವೆ. ಇಂದಿನ ಠಾಣೆ ಅವುಗಳಲ್ಲಿ ‘ಸ್ಥಾನಕ’, ‘ಶ್ರೀಸ್ಥಾನಕ’ ಎಂದು ಕಾಣಿಸಿಕೊಳ್ಳುತ್ತದೆ. ಅರಸ ಎಂದೊಡನೆ ನಾವು ಸ್ವತಂತ್ರ ಚಕ್ರವರ್ತಿಯನ್ನು ಕಲ್ಪಿಸಿಕೊಳ್ಳಬಾರದು. ಇವರು ಮಹಾಸಾಮಂತರು, ಮಹಾಮಂಡಲೇಶ್ವರರು. ಇವರ ಹೆಮ್ಮೆಯ ವಿಶೇಷಣಗಳಲ್ಲಿ ಒಂದು ‘ಸಮಧಿಗತಪಂಚಮಹಾಶಬ್ದ’, ಅಂದರೆ ಕೊಂಬು, ತಮಟೆ, ಶಂಖ, ಭೇರಿ, ಜಯಘಂಟೆಗಳೆಂಬ ಐದು ವಾದ್ಯಗಳ ಮೊಳಗಿನ ಮರ್ಯಾದೆಯನ್ನು ಪಡೆದವರು. ಪಡೆದವರು ಎಂದಮೇಲೆ ಕೊಟ್ಟವರೊಬ್ಬರು ಇರಲೇಬೇಕಲ್ಲವೇ? ಇಲ್ಲಿ ಕೊಟ್ಟವರು ಮಾನ್ಯಖೇಟದವರು.

ವಂಶಮೂಲದ ಕಥೆ ಸೊಗಸಾಗಿದೆ. ವಿದ್ಯಾಧರ ರಾಜಕುಮಾರ ಜೀಮೂತವಾಹನನು ಶಂಖಚೂಡನೆಂಬ ನಾಗನ ಪ್ರಾಣ ಉಳಿಸಲು ಗರುಡನ ಬಂಡೆಯ ಮೇಲೆ ತಾನೇ ಆಹಾರವಾಗಿ ಮಲಗಿದ. ಶಿಲೆಯ ಮೇಲಿನ ಆಹಾರವಾದ್ದರಿಂದ ಶಿಲಾಹಾರ. ಹರ್ಷನ ‘ನಾಗಾನಂದ’ ನಾಟಕದ ವಸ್ತುವೂ ಇದೇ. ತನ್ನನ್ನು ಕುಕ್ಕಿದ ಗರುಡನನ್ನೇ ಚಿನ್ನದ ಲಾಂಛನವಾಗಿ ಧ್ವಜದ ಮೇಲೆ ಹೊತ್ತ ವಂಶ ಇದು. ಆದರೆ ಶಾಸನಗಳಲ್ಲಿ ಈ ಹೆಸರಿನ ಕಾಗುಣಿತ ಒಂದೇ ಅಲ್ಲ. ಸಿಲಾರ, ಶಿಲಾರ, ಶ್ರೀಶಿಲಾರ ಎಂದೆಲ್ಲ ಬರುತ್ತದೆ. ಮನೆಮಾತಿನ ಹೆಸರೊಂದು ಮೊದಲಿತ್ತು, ಸಂಸ್ಕೃತದ ಕಥೆ ಅದಕ್ಕೆ ಆಮೇಲೆ ತೊಡಿಸಿದ ಅಂಗಿ ಎಂದು ತಿಳಿಯಲು ಇಷ್ಟು ಸಾಕು. ಮೊದಲನೆಯ ಅಪರಾದಿತ್ಯನ 1127ರ ವಡವಲಿ ಶಾಸನದ ಹೊತ್ತಿಗೆ ಇನ್ನೊಂದು ಕಥೆಯೂ ಹುಟ್ಟಿಕೊಂಡಿದೆ: ಪರಶುರಾಮನ ಬಾಣಗಳಿಗೆ ತತ್ತರಿಸಿದ ಸಮುದ್ರವನ್ನು ಸಿಲಾರನೆಂಬ ವೀರ ಕಾಪಾಡಿದನಂತೆ. ಎರಡನೆಯ ಕಥೆ ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ. ಒಳನಾಡಿನಿಂದ ಬಂದ ಮನೆತನ ಮುನ್ನೂರು ವರ್ಷ ಕಡಲ ದಂಡೆಯಲ್ಲಿ ಬಾಳಿದ ಮೇಲೆ ಮೂಲಕಥೆಯೊಳಗೂ ಕಡಲು ನುಗ್ಗಿದೆ.

ಒಳನಾಡು ಯಾವುದು? ಠಾಣೆಯ ಶಿಲಾಹಾರರು ತಮ್ಮನ್ನು ತಗರಪುರದ ಪರಮೇಶ್ವರರೆಂದು ಕರೆದುಕೊಂಡರು. ಕೊಲ್ಲಾಪುರದವರ ಬಿರುದೂ ತಗರದ್ದೇ. ತಗರ ಎಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್, ತೇರಣಾ ನದಿಯ ದಡದ ಊರು. ಗ್ರೀಕ್ ನಾವಿಕರ ‘ಪೆರಿಪ್ಲಸ್’ ಗ್ರಂಥದ ಕಾಲಕ್ಕೇ ಅದು ಹೆಸರಾಂತ ವ್ಯಾಪಾರಸ್ಥಳವಾಗಿತ್ತು. ಠಾಣೆಯಲ್ಲಿ ಕುಳಿತು ಆಳಿದ ಈ ಅರಸರ ಕೈಯಲ್ಲಿ ತಗರ ಇರಲಿಲ್ಲ. ಆದರೂ ಬಿರುದನ್ನು ಬಿಡಲಿಲ್ಲ. ಇದು ಇವರೊಬ್ಬರ ಹವ್ಯಾಸವೂ ಅಲ್ಲ. ಸವದತ್ತಿಯ ರಟ್ಟರು ಲತ್ತಲೂರಿನ ಹೆಸರು ಹೊತ್ತರು, ಹಾನಗಲ್ಲು ಗೋವೆಗಳ ಕದಂಬರು ಬನವಾಸಿಯ ಹೆಸರು ಹೊತ್ತರು, ಹೊಯ್ಸಳರೂ ಸೇವುಣರೂ ದ್ವಾರಾವತಿಯನ್ನೇ ಹೊತ್ತರು. ಬಿಟ್ಟುಬಂದ ಅಥವಾ ಬಿಟ್ಟುಬಂದೆವೆಂದು ನಂಬಿದ ಊರೊಂದು ಹೆಸರಿನ ಹಿಂದೆ ಇಲ್ಲದಿದ್ದರೆ ಅರಸುತನ ಪೂರ್ಣವಾಗುತ್ತಿರಲಿಲ್ಲ.

ಸಾಗರದಾಚೆಗೂ ಇದೇ ರೀತಿ. ಇಂಗ್ಲಿಷ್ ಎಂ.ಎ. ಓದುವಾಗ ಆಫ್ರಿಕದ ಕಾದಂಬರಿಗಳ ನೆಪದಲ್ಲಿ ನೈಜೀರಿಯದ ಬಗ್ಗೆ ಸಿಕ್ಕಿದ್ದೆಲ್ಲ ಓದುವ ಚಟ ಅಂಟಿತ್ತು. ಅಲ್ಲಿನ ಎಡೊ ರಾಜ್ಯದ ಉತ್ತರಭಾಗದ ಆಫೆಮಾಯಿ ಸೀಮೆಯಲ್ಲಿ ಔಚಿ ಎಂಬ ಊರಿದೆ. ಅದರ ಪಾರಂಪರಿಕ ಅರಸನಿಗೆ ‘ಒಟಾರು’ ಎಂದು ಹೆಸರು. ತಮ್ಮ ಹಿರಿಯರು ಬೆನಿನ್ ನಗರದಿಂದ ವಲಸೆ ಬಂದವರೆಂದು ಅಲ್ಲಿಯ ಜನ ಹೇಳಿಕೊಳ್ಳುತ್ತಾರೆ. ದೊಡ್ಡ ಪಟ್ಟಣದಿಂದ ಹೊರಟ ಗುಂಪು, ಹೊಸ ನೆಲ, ಹೊಸ ಅರಸುಪಟ್ಟ, ಹಳೆಯ ಪಟ್ಟಣದ ನೆನಪು: ತಗರ ಠಾಣೆಗಳ ನಡುವಿನ ನಂಟನ್ನು ಅರಿಯಲು ಆ ದೂರದ ಊರು ನನಗೆ ಒದಗಿತು.

ಇನ್ನು ಕನ್ನಡದ ಪ್ರಶ್ನೆ. ಸಾಕ್ಷ್ಯ ಇಲ್ಲದೆ ಇಲ್ಲ. ಠಾಣೆಯ ಶಿಲಾಹಾರರ ಸಂಸ್ಕೃತ ದಾನಪತ್ರಗಳ ನಡುವೆ ‘ಮಲಗಲಗಂಡ’, ‘ನನ್ನಿಸಮುದ್ರ’ದಂಥ ಬಿರುದುಗಳು ಇದ್ದಕ್ಕಿದ್ದಂತೆ ತಲೆಯೆತ್ತುತ್ತವೆ. ಮೊದಲನೆಯದರಲ್ಲಿ ‘ಮಲೆಗಳ ಗಂಡ’ ಕನ್ನಡ ಕಿವಿಗೆ ತಾನಾಗಿ ಕೇಳಿಸುತ್ತದೆ; ನನ್ನಿ ಎಂದರೆ ಹಳಗನ್ನಡದಲ್ಲಿ ಸತ್ಯ. ವಂಶಾವಳಿಯಲ್ಲಿ ವಪ್ಪುವನ್ನನೆಂಬ ಹೆಸರೂ ಇದೆ. ಶಿಲಾಹಾರ ಶಾಸನಗಳನ್ನು ಸಂಪಾದಿಸಿದ ವಾ. ವಿ. ಮಿರಾಶಿಯವರಂಥ ವಿದ್ವಾಂಸರು ಈ ಬಿರುದುಗಳನ್ನು ಗಮನಿಸಿದ್ದಾರೆ. ಠಾಣೆಯಿಂದ ಗುಡ್ಡದಾಚೆ ಬೋರಿವಲಿ ಕಾಡಿನೊಳಗಿರುವ ಕಾನ್ಹೇರಿಯ ಬೌದ್ಧ ಗುಹೆಗಳಲ್ಲಿ 843ರಲ್ಲಿ ಪುಲ್ಲಶಕ್ತಿಯ ಕಾಲದ, ಆಮೇಲೆ ಎರಡನೆಯ ಕಪರ್ದಿಯ ಕಾಲದ ಶಾಸನಗಳಿವೆ. ಅವುಗಳಲ್ಲಿ ಸಾರ್ವಭೌಮನಾಗಿ ಬರುವ ಹೆಸರು ಅಮೋಘವರ್ಷ. ‘ಕವಿರಾಜಮಾರ್ಗ’ದ ಜೊತೆಗೆ ನಾವು ನೆನೆಯುವ ಅದೇ ನೃಪತುಂಗ, ಮುಂಬಯಿ ಲೋಕಲ್ ರೈಲಿನ ಸದ್ದು ಕೇಳುವಷ್ಟು ಹತ್ತಿರದ ಬೌದ್ಧ ವಿಹಾರದ ಕಲ್ಲಿನಲ್ಲಿ. ನಮ್ಮ ವೇದಿಕೆಗಳಲ್ಲಿ ಈ ವಿಚಾರವನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಆದರೆ ಅರಸನ ಮನೆಯ ಮಾತು ಊರಿನ ಮಾತಾಗಿತ್ತೇ? 915ರ ಸುಮಾರಿಗೆ ಈ ಕರಾವಳಿಗೆ ಬಂದ ಅರಬ್ ಲೇಖಕ ಅಲ್-ಮಸೂದಿ ಚೌಲ್ ಪಟ್ಟಣದಲ್ಲಿ ಆಳುತ್ತಿದ್ದ ಝಂಝನ ಹೆಸರನ್ನು ಬರೆದಿಟ್ಟಿದ್ದಾನೆ. ಝಂಝ ನಮ್ಮ ಶಿಲಾಹಾರ ಅರಸನೇ. ಅದೇ ಲೇಖಕ ಭಾಷೆಗಳನ್ನೂ ಬೇರ್ಪಡಿಸಿದ್ದಾನೆ. ಬಲ್ಹರಾ ದೊರೆಯ ರಾಜಧಾನಿಯಾದ ಮಾನ್ಯಖೇಟದಲ್ಲಿ ಆಡುವುದು ‘ಕೀರಿಯ’, ಚೌಲ್ ಸೋಪಾರ ಠಾಣೆಗಳಲ್ಲಿ ಆಡುವುದು ‘ಲಾರಿಯ’. ಕೀರಿಯ ಎಂಬುದು ಕನ್ನಡವೇ ಎಂದು ವಿದ್ವಾಂಸರು ಊಹಿಸಿದ್ದಾರೆ. ಹಾಗಾದರೆ ಕನ್ನಡ ಸಾಮ್ರಾಜ್ಯ ಅತ್ಯಂತ ಬಲಿಷ್ಠವಾಗಿದ್ದ ಕಾಲದಲ್ಲೂ ಠಾಣೆಯ ಬೀದಿಯ ಮಾತು ಬೇರೆಯಾಗಿತ್ತು. ಹೊರಗಿನಿಂದ ಬಂದು ಕಿವಿಗೊಟ್ಟು ಕೇಳಿದವನ ಈ ಮಾತಿನ ಮುಂದೆ ನಮ್ಮ ಘೋಷಣೆಗಳು ಸ್ವಲ್ಪ ತಗ್ಗಬೇಕು.

‘ಕನ್ನಡ ಅರಸರು’ ಎಂಬ ಪಟ್ಟಿ ಇನ್ನೊಂದು ಕಡೆಯಲ್ಲೂ ಹರಿಯುತ್ತದೆ. 973ರಲ್ಲಿ ತೈಲಪನು ರಾಷ್ಟ್ರಕೂಟರನ್ನು ಉರುಳಿಸಿ ಚಾಲುಕ್ಯ ಸಾಮ್ರಾಜ್ಯವನ್ನು ಮತ್ತೆ ಕಟ್ಟಿದ. ಈ ಚಾಲುಕ್ಯರ ಕಲ್ಯಾಣ ಬೀದರ್ ಜಿಲ್ಲೆಯದು; ನಮ್ಮ ಕಲ್ಯಾಣ ಜಂಕ್ಷನ್ ಅಲ್ಲ ಎಂಬುದನ್ನು ಇಲ್ಲಿಯ ಮಕ್ಕಳಿಗೆ ಬಿಡಿಸಿ ಹೇಳಲೇಬೇಕಾಗುತ್ತದೆ. ಹೊಸ ಸಾಮ್ರಾಜ್ಯವೂ ಕನ್ನಡದ್ದೇ. ಆದರೂ ಠಾಣೆಯ ಅಪರಾಜಿತ ತನ್ನ 997ರ ಭಾದಾಣೆ ಶಾಸನದಲ್ಲಿ ಅಳಿದುಹೋದ ರಾಷ್ಟ್ರಕೂಟರ ವಂಶಾವಳಿಯನ್ನೇ ಮೊದಲು ಹೇಳಿ, ಆ ರಾಜ್ಯ ಹೆಸರಷ್ಟೇ ಆಗಿ ಉಳಿಯಿತೆಂದು ಮರುಗುತ್ತಾನೆ. ಒಡೆಯರು ಇಲ್ಲವಾಗಿ ಇಪ್ಪತ್ತನಾಲ್ಕು ವರ್ಷವಾದ ಮೇಲಿನ ಮರುಕ ಅದು. ಗೆದ್ದ ತೈಲಪನನ್ನು ಒಡೆಯನೆಂದು ಅವನು ಒಪ್ಪಲಿಲ್ಲ. ಅವನ ನಿಷ್ಠೆ ಒಂದು ಮನೆತನಕ್ಕೆ, ಒಂದು ಋಣಕ್ಕೆ ಸೇರಿತ್ತು. ಭಾಷೆಯ ಲೆಕ್ಕ ಅದರೊಳಗೆ ಬರಲೇ ಇಲ್ಲ. ಮುಂದೆ ಇವರನ್ನು ಮುಗಿಸಿದ ದೇವಗಿರಿಯ ಸೇವುಣರ ಹಲವು ಶಾಸನಗಳೂ ಕನ್ನಡದಲ್ಲಿವೆ. ಸಭೆಯಲ್ಲಿ ಚಪ್ಪಾಳೆ ಯಾರ ಪರವಾಗಿ ಬೀಳಬೇಕು?

ಈ ಅರಸುತನ ನಡೆದ ರೀತಿಯೂ ಗಮನಿಸತಕ್ಕದ್ದು. ರಾಷ್ಟ್ರಕೂಟ ಮೂರನೆಯ ಇಂದ್ರನ ಕಾಲದ 926ರ ಚಿಂಚಣಿ ತಾಮ್ರಪಟ ಸಂಜಾಣ ಪ್ರಾಂತವನ್ನು ಆಳುತ್ತಿದ್ದ ಅರಬ್ ಅಧಿಕಾರಿಯೊಬ್ಬನನ್ನು ಹೆಸರಿಸುತ್ತದೆ. ಮಹಮ್ಮದ್ ಎಂಬ ಹೆಸರು ಅದರಲ್ಲಿ ‘ಮಧುಮತಿ’ ಎಂದಾಗಿದೆ. ಶಿಲಾಹಾರರ ದಾನಪತ್ರಗಳು ಅಧಿಕಾರಿಗಳನ್ನಲ್ಲದೆ ‘ಹಂಜಮನ’ದ ಪುರಜನರನ್ನೂ ಸಂಬೋಧಿಸುತ್ತವೆ, ಪಾರಸಿಗಳ ‘ಅಂಜುಮನ್’ ಈ ಹೆಸರಿನ ಹಿಂದಿದೆ ಎಂದು ಹಲವರ ಅಭಿಪ್ರಾಯ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಶಾಪಗಳು. ಎರಡನೆಯ ಅಪರಾದಿತ್ಯನ 1187ರ ಪರೇಲ್ ಶಾಸನ ಸಂಸ್ಕೃತದಲ್ಲಿದೆ. ದಾನಕ್ಕೆ ಅಡ್ಡಿಮಾಡುವವನಿಗೆ ಹಾಕಿದ ಒರಟು ಕತ್ತೆಶಾಪ ಮಾತ್ರ ಮರಾಠಿಯಲ್ಲಿದೆ. ಪ್ರಶಸ್ತಿಗೆ ಸಂಸ್ಕೃತ, ಬಿರುದಿಗೆ ಕನ್ನಡ, ಜನಕ್ಕೆ ನಾಟಬೇಕಾದ ಎಚ್ಚರಿಕೆಗೆ ಜನದ ಮಾತು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಮೊದಲು ಪ್ರಾದೇಶಿಕ ಭಾಷೆ, ಅನಂತರ ಹಿಂದಿ, ಇಂಗ್ಲಿಷ್ ಎಂದು ಫಲಕ ಬರೆಸುವ ನನಗೆ ಆ ಗುಮಾಸ್ತನ ಕಷ್ಟ ಅರ್ಥವಾಗುತ್ತದೆ.

ಹೀಗಿರುವಾಗ ಒಂಬೈನೂರು ವರ್ಷ ಹಳೆಯ ಬಿರುದನ್ನು ನೆಲದ ಹಕ್ಕುಪತ್ರವೆಂಬಂತೆ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ. ಭಾಷೆಯ ಜಗಳ ರೈಲಿನ ಡಬ್ಬಿಯವರೆಗೂ ಬರುವ ದಿನಗಳಿವು. ನಮ್ಮ ಹುಡುಗ ‘ನಿಮ್ಮನ್ನು ಆಳಿದವರು ನಾವು’ ಎಂದರೆ ಪಕ್ಕದ ಹುಡುಗ ಪೇಶ್ವೆಗಳನ್ನು ತರುತ್ತಾನೆ. ಇಬ್ಬರೂ ಹೊಟ್ಟೆಪಾಡಿನ ಪ್ರಯಾಣಿಕರು. ರಬಾಳೆಯಲ್ಲಂತೂ ಈ ಮಾತಿಗೆ ಇನ್ನೊಂದು ಕಿವಿಯೂ ಇದೆ. ಪಾರಸಿಕ್ ಗುಡ್ಡಕ್ಕೂ ಖಾಡಿಗೂ ನಡುವಿನ ಈ ಪಟ್ಟಿಯಲ್ಲಿ ಕಾರ್ಖಾನೆಗಳೂ ಗಾಜಿನ ಕಟ್ಟಡಗಳೂ ಬರುವ ಮೊದಲು ಇದ್ದವರು ಆಗ್ರಿಗಳು, ಕೋಳಿಗಳು. 1970ರಲ್ಲಿ ಸಿಡ್ಕೊ ಹುಟ್ಟಿ ನವಿಮುಂಬಯಿ ಎದ್ದದ್ದು ಅಂಥ 95 ಹಳ್ಳಿಗಳ ನೆಲದ ಮೇಲೆ. ಶಿಲಾಹಾರರ ತಾಮ್ರಪಟಗಳಲ್ಲಿ ದಾನಕೊಟ್ಟ ಊರಿನ ಹೆಸರಿದೆ, ನಾಲ್ಕು ದಿಕ್ಕಿನ ಎಲ್ಲೆಗಳಿವೆ, ಪಡೆದವನ ಗೋತ್ರವಿದೆ. ಗದ್ದೆ ಉತ್ತವರ ಹೆಸರು ಹುಡುಕಿದರೆ ಸಿಗುವುದು ಅಪರೂಪ. ಗಾವಠಾಣದ ಮುದುಕರೊಬ್ಬರಿಗೆ ನಾನು ಶಿಲಾಹಾರರ ವಿಚಾರ ಹೇಳಿದಾಗ ಅವರು ಕೇಳಿದ ಪ್ರಶ್ನೆ ಒಂದೇ: ‘ಆಗ ನಮ್ಮವರು ಎಲ್ಲಿದ್ದರು, ಸಾಹೇಬ್?’ ಅಲ್-ಮಸೂದಿ ಕೇಳಿಸಿಕೊಂಡ ಲಾರಿಯ ಆಡುತ್ತಿದ್ದ ಜನರಲ್ಲಿ ಅವರವರೂ ಇದ್ದಿರಬಹುದು ಎಂದೆ.

ಕನ್ನಡ ಸಂಘಗಳು ಮುಂದಿನ ರಾಜ್ಯೋತ್ಸವಕ್ಕೆ ಒಂದು ಭಾಷಣ ಕಡಿಮೆ ಮಾಡಿ ಮಕ್ಕಳನ್ನು ಒಂದು ಭಾನುವಾರ ಕರೆದೊಯ್ಯಲಿ. ರಬಾಳೆಯಿಂದ ಠಾಣೆಗೆ ಹೋಗಿ ಗಾಡಿ ಬದಲಿಸಿದರೆ ಅಂಬರನಾಥ. ಮುಮ್ಮುಣಿಯ ಕಾಲದ, ಶಕ 982ರ ಶಾಸನವುಳ್ಳ ಗುಡಿ. ಮರುವಾರ ಕಾನ್ಹೇರಿ. ಶಕ್ತಿಯಿದ್ದರೆ ಅಲ್ಲಿಂದ ಬೋರಿವಲಿಯ ಎಕ್ಸರ್ ಗ್ರಾಮ. ಸೇವುಣ ಮಹಾದೇವನೊಡನೆ ಹೋರಾಡಿದ ಸೋಮೇಶ್ವರ ಕಡಲಿನಲ್ಲಿ ಮುಳುಗಿ ಸತ್ತ. ಎಕ್ಸರದ ವೀರಗಲ್ಲುಗಳಲ್ಲಿ ಕೆತ್ತಿರುವ ನೌಕಾಯುದ್ಧ ಅದೇ ಎಂದು ಕೆಲವರು ಹೇಳುತ್ತಾರೆ. ಸಾಲು ಹುಟ್ಟುಗಳ ಹಡಗುಗಳಿವೆ, ನೀರಿಗೆ ಬಿದ್ದವರಿದ್ದಾರೆ. ಅವರಲ್ಲಿ ಯಾರು ಯಾವ ಮಾತಿನವರೆಂದು ಮಕ್ಕಳೇ ನೋಡಿ ಹೇಳಲಿ.