ಅವಲಕ್ಕಿ ಸರದ ನಾಲ್ಕು ಕಾಳು

ಹೋದ ಕಂತಿನಲ್ಲಿ ಹೇಳಿದ್ದೆನಲ್ಲ, ತಂಗಿಗೆ ಮದುವೆ ನಿಶ್ಚಯ ಆಗಿದೆ ಅಂತ. ಆವತ್ತಿನಿಂದ ನಮ್ಮನೆಯಲ್ಲಿ ಬರೀ ಚಿನ್ನದ್ದೇ ಮಾತು. ಬೆಳಿಗ್ಗೆ ಅಪ್ಪ ಪೇಪರ್ ಬಿಡಿಸಿದರೆ ಮೊದಲು ನೋಡೋದು ಗ್ರಾಮಿನ ರೇಟು, ನೋಡಿ ಮಡಚಿ ಪಕ್ಕಕ್ಕಿಡೋದು. ತಂಗಿ ಫೋನಿನಲ್ಲಿ ಒಂದು ನೆಕ್ಲೇಸ್ ಫೋಟೋ ಇಟ್ಟುಕೊಂಡಿದ್ದಾಳೆ, ಮನೆಗೆ ಬಂದವರಿಗೆಲ್ಲ ತೋರಿಸುತ್ತಾಳೆ. ಅದನ್ನು ಮಾಡಿಸೋದಕ್ಕೆ ಅಜ್ಜಿಯ ಅವಲಕ್ಕಿ ಸರ ಕರಗಿಸಬೇಕು. ಹಾಸನದ ಒಂದು ಅಂಗಡಿಯಲ್ಲಿ ಸರವನ್ನು ತಕ್ಕಡಿಗೆ ಹಾಕಿ, ಹಳೇ ಚಿನ್ನ, ಒಳಗೆ ಕೊಳೆ ಇದೆ, ತಾಮ್ರ ಜಾಸ್ತಿ ಇರಬಹುದು, ಇಷ್ಟು ಕಳೆದು ಇಷ್ಟು ಅಂತ ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದರು. ಅಮ್ಮ ಏನೂ ಮಾತಾಡದೆ ಸರ ಎತ್ತಿಕೊಂಡು ಬಂದರು.

ಮನೆಗೆ ಬಂದ ಮೇಲೆ ಅವರದ್ದೇ ಒಂದು ತೀರ್ಮಾನ. "ನಾಲ್ಕು ಕಾಳು ಬಿದ್ದು ಹೋಗಿದೆ. ಮೊದಲು ಅದನ್ನ ಪೂರ್ತಿ ಮಾಡಿಸಿ ಅವಳ ಕೈಗೆ ಕೊಡೋಣ. ಆಮೇಲೆ ಕರಗಿಸ್ತಾಳೋ, ಹಾಕ್ಕೊಳ್ತಾಳೋ ಅವಳಿಷ್ಟ." ಶನಿವಾರ ನಾನು ಬೆಂಗಳೂರಿನಿಂದ ಬಂದಿದ್ದೇ ತಡ, ಸರವನ್ನು ಕರ್ಚೀಫಿನಲ್ಲಿ ಸುತ್ತಿ, ಜೊತೆಗೆ ಜೋಡಿ ಕಳೆದುಕೊಂಡ ಒಂಟಿ ಓಲೆಯೊಂದನ್ನು ಕೊಟ್ಟು, ಕೊರವಂಗಲದ ಆಚಾರ್ರ ಹತ್ತಿರ ಕಳಿಸಿದರು. ಹೊರಡುವಾಗ ಗೇಟಿನ ತನಕ ಬಂದು, "ಮುಗಿಯೋವರೆಗೂ ಅಲ್ಲೇ ಕೂತಿರು, ಕಣ್ಣು ತೆಗೀಬೇಡ" ಅಂದರು.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಆಚಾರ್ರಿಗೂ ಗೊತ್ತು. ಅದಕ್ಕೇ ಅವರ ಜಗುಲಿಯಲ್ಲಿ ಕೆಲಸದ ಮಣೆಗೆ ಎದುರಾಗಿ ಒಂದು ಸ್ಟೂಲ್ ಯಾವಾಗಲೂ ಇರುತ್ತೆ. ನಾನು ನಿಂತೇ ಇದ್ದೆ. "ಕೂತ್ಕೊಳವ್ವ, ನಿಮ್ಮಮ್ಮ ಹೇಳಿ ಕಳಿಸಿರ್ತಾರೆ" ಅಂದು ನಕ್ಕರು. ನನಗೆ ನಾಚಿಕೆಯಾಗಿ ಫೋನ್ ತೆಗೆದು ನೋಡುವ ಹಾಗೆ ಮಾಡಿದೆ.

ಎಪ್ಪತ್ತು ದಾಟಿದ ಮನುಷ್ಯ. ಕೆಲಸದ ಜಾಗ ಅಂದರೆ ಜಗುಲಿಯ ಒಂದು ಮೂಲೆ, ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಕೊಡುವ ಡೆಸ್ಕಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಮೋಟು ಮಣೆ, ಅದರಲ್ಲಿ ಹೂತ ಪುಟ್ಟ ಅಡಿಗಲ್ಲು, ನಾಲ್ಕೈದು ಸೈಜಿನ ಸುತ್ತಿಗೆ, ಅರಗಳು, ಚಿಮಟ, ಇಕ್ಕಳ. ಇದ್ದಿಲಿನ ಅಗ್ಗಿಷ್ಟಿಕೆ ಇನ್ನೂ ಇದೆ, ಆದರೆ ಕರಗಿಸೋಕೆ ಗ್ಯಾಸ್ ಟಾರ್ಚ್. ಊದುಗೊಳವೆ ಗೋಡೆಗೆ ಒರಗಿಕೊಂಡಿರುತ್ತೆ, ಸಣ್ಣ ಬೆಸುಗೆಗೆ ಮಾತ್ರ ಬಾಯಿಗೆ ಬರುತ್ತೆ. ಎಲೆಕ್ಟ್ರಾನಿಕ್ ತಕ್ಕಡಿಯ ಪಕ್ಕದ ಡಬ್ಬಿಯಲ್ಲಿ ಒಂದು ಹಿಡಿ ಗುಲಗಂಜಿ. ಒಂದೊಂದು ಸುಮಾರು 120 ಮಿಲಿಗ್ರಾಮ್ ತೂಗುತ್ತೆ. ಈಗ ಅದರಲ್ಲಿ ಯಾರೂ ತೂಗೋದಿಲ್ಲ, ಮೊಮ್ಮಕ್ಕಳು ಬಂದಾಗ ಆಡ್ತಾವೆ ಅಂತ ಇಟ್ಟಿದ್ದಾರಂತೆ. ಆ ಮೂಲೆಯ ಕಸವನ್ನು ಮಾತ್ರ ಮನೆಯವರು ಯಾರೂ ಗುಡಿಸಿ ಹೊರಗೆ ಹಾಕುವ ಹಾಗಿಲ್ಲ. ಅರ ಉಜ್ಜಿದ ಪುಡಿ ನೆಲದ ಧೂಳಿನಲ್ಲಿ ಸೇರಿರುತ್ತಲ್ಲ. ಡಬ್ಬಿಗೆ ತುಂಬಿಟ್ಟರೆ ಅದನ್ನು ಕೊಂಡು ತೊಳೆದು ಚಿನ್ನ ತೆಗೆಯುವವರು ಇದ್ದಾರೆ.

ಸರ ಕೈಗೆ ತೆಗೆದುಕೊಂಡವರು ಕಾಳು ಎಣಿಸಲಿಲ್ಲ, ಮೊದಲು ಬಣ್ಣ ನೋಡಿದರು. ಒರೆಗಲ್ಲಿನ ಮೇಲೆ ಅಜ್ಜಿಯ ಸರದ್ದೊಂದು ಗೆರೆ, ಪಕ್ಕದಲ್ಲಿ ಒಂಟಿ ಓಲೆಯದ್ದೊಂದು ಗೆರೆ. ಎರಡರ ಮೇಲೂ ಆಸಿಡ್ಡಿನ ಹನಿ. ಚಿನ್ನಕ್ಕೆ ನೈಟ್ರಿಕ್ ಆಸಿಡ್ ಏನೂ ಮಾಡಲ್ಲ, ಬೆರೆತ ತಾಮ್ರ, ಬೆಳ್ಳಿಯನ್ನು ತಿನ್ನುತ್ತೆ. ಉಳಿದ ಗೆರೆ ನೋಡಿಯೇ ಅವರು ಎಷ್ಟು ಕ್ಯಾರೆಟ್ ಅಂತ ಹೇಳ್ತಾರೆ. 22 ಕ್ಯಾರೆಟ್ ಅಂದರೆ 24ರಲ್ಲಿ 22 ಪಾಲು ಚಿನ್ನ, ಸಾವಿರಕ್ಕೆ 916. ಅಂಗಡಿ ಬೋರ್ಡಿನ ಮೇಲಿರುವ 916 ಅದೇ. ನನ್ನ ಕಣ್ಣಿಗೆ ಎರಡೂ ಗೆರೆ ಒಂದೇ ತರ ಕಂಡವು. ಅವರಿಗೆ ಹಾಗೆ ಕಾಣಲಿಲ್ಲ. "ನಿಮ್ಮಜ್ಜಿದು ಕೆಂಪು. ತಾಮ್ರ ಹಾಕವ್ರೆ. ಓಲೆ ಹಳದಿಗೈತೆ, ಬೆಳ್ಳಿ ಜಾಸ್ತಿ. ಹಂಗೇ ಮಾಡಿದ್ರೆ ನಾಲ್ಕು ಕಾಳು ಕುಂಟು ಹಲ್ಲಿನಂಗೆ ಕಾಣ್ತದೆ." ಒಂಟಿ ಓಲೆಯ ಜೊತೆ ಮೂಸೆಗೆ ಸ್ವಲ್ಪ ಶುದ್ಧ ಚಿನ್ನ, ಚಿಟಿಕೆ ತಾಮ್ರ, ಬಿಳಿಗಾರ ಬಿತ್ತು. ಎಷ್ಟು ಅಂತ ಕೇಳಿದೆ. ತೂಗಿ ತೋರಿಸಿದರು, ಬರೆದೂ ಕೊಟ್ಟರು.

ಇಷ್ಟಾದ ಮೇಲೆ ಕೆಲಸ ಶುರು ಮಾಡ್ತಾರೆ ಅಂದುಕೊಂಡರೆ ಒಳಗೆ ತಿರುಗಿ, "ಒಂದು ತಟ್ಟೇಲಿ ಅವಲಕ್ಕಿ ತತ್ತಾ" ಅಂತ ಕೂಗಿದರು. ನನಗೆ ತಿನ್ನೋಕೆ ಅಂತ ತಿಳಿದು "ಬೇಡ ಆಚಾರ್ರೇ, ಈಗ ತಿಂಡಿ ತಿಂದು ಬಂದೆ" ಅಂದುಬಿಟ್ಟೆ. ಅಜ್ಜಿ ಒಳಗಿಂದ ತಟ್ಟೆ ತಂದಿಟ್ಟರು. ಆಚಾರ್ರು ಅದರಲ್ಲಿ ಬೆರಳಾಡಿಸಿ ಒಂದೊಂದೇ ಕಾಳು ಎತ್ತಿ ಸರದ ಪಕ್ಕ ಇಡೋಕೆ ಶುರು ಮಾಡಿದರು.

"ಇದು ಮಿಷನ್ ಅವಲಕ್ಕಿ. ಕಾಗದದಂಗೈತೆ. ನಿಮ್ಮಜ್ಜಿ ಸರ ಮಾಡಿದೋನು ಒನಕೇಲಿ ಕುಟ್ಟಿದ್ದನ್ನ ನೋಡವ್ನೆ. ನೋಡು, ನಡುವೆ ದಪ್ಪ, ಅಂಚು ತೆಳು, ಒಂದು ಕಡೆ ವಸಿ ಸೊಟ್ಟ."

ನಾನು ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ನಿಜ. ಚಿಕ್ಕಂದಿನಿಂದ ನೋಡಿದ ಸರ, ಒಂದು ಕಾಳಿನ ಹಾಗೆ ಇನ್ನೊಂದಿಲ್ಲ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಕೆಲವು ಉದ್ದ, ಕೆಲವು ಗುಂಡಗೆ, ಒಂದೆರಡರ ತುದಿ ಮುರಿದ ಹಾಗಿವೆ. ಸವೆದು ಹಾಗಾಗಿದೆ ಅಂದುಕೊಂಡಿದ್ದೆ. ಬೇಕಂತಲೇ ಹಾಗೆ ಬಡಿದದ್ದಂತೆ. ತಟ್ಟೆಯಿಂದ ಅವರು ಕೊನೆಗೆ ನಾಲ್ಕು ಕಾಳು ಆರಿಸಿ ಮಣೆಯ ಅಂಚಿನಲ್ಲಿ ಸಾಲಾಗಿಟ್ಟರು. ಅವೇ ಅವತ್ತಿನ ಡಿಸೈನ್.

ಆಮೇಲೆ ಮಾತು ಹಾಗೇ ಹರಿಯಿತು. ಯೋಚನೆ ಮಾಡಿ ನೋಡಿ, ನಮ್ಮ ಒಡವೆಗಳ ಹೆಸರೆಲ್ಲ ಅಡುಗೆಮನೆ, ಹೊಲ, ತೋಟದಿಂದಲೇ ಬಂದಿವೆ. ಅವಲಕ್ಕಿ ಸರ, ಗೋಧಿ ಸರ, ಮಾವಿನಕಾಯಿ ಅಡ್ಡಿಕೆ, ಮಲ್ಲಿಗೆ ಮೊಗ್ಗಿನ ಸರ. ಓಲೆಯ ಅಂಚಿಗೆ ಕೂರಿಸುವ ಸಾಸಿವೆಯಷ್ಟು ಸಣ್ಣ ಗುಂಡುಗಳಿಗೆ ಹೆಸರೇ ರವೆ. ಆ ರವೆ ಮಾಡೋದನ್ನು ನನಗಾಗಿ ಒಂದು ಸಲ ಮಾಡಿ ತೋರಿಸಿದರು. ಚಿನ್ನದ ತಂತಿಯನ್ನು ಚೂರು ಚೂರು ಕತ್ತರಿಸಿ, ಇದ್ದಿಲ ಪುಡಿಯ ಮೇಲೆ ಉದುರಿಸಿ ಬಿಸಿ ಮಾಡಿದರೆ, ಪ್ರತಿ ಚೂರೂ ಕರಗಿ ತನ್ನಷ್ಟಕ್ಕೆ ತಾನೇ ಗುಂಡಗಾಗುತ್ತೆ. ಯಾವ ಅಚ್ಚೂ ಬೇಡ. ಮಳೆಹನಿ ದುಂಡಗಾಗೋದಕ್ಕೆ ಕಾರಣವಾದ ಸರ್ಫೇಸ್ ಟೆನ್ಶನ್ನೇ ಇಲ್ಲೂ ಕೆಲಸ ಮಾಡೋದು. ಮೊದಲ ಸೆಮಿಸ್ಟರಿನಲ್ಲಿ ನಾನು ಅದಕ್ಕೆ ಫಾರ್ಮುಲಾ ಬರೆದಿದ್ದೆ, ನೋಡಿದ್ದು ಮಾತ್ರ ಅವತ್ತೇ.

ಅವರ ಮಗ ಬೆಂಗಳೂರಿನಲ್ಲಿ ಒಡವೆ ಡಿಸೈನ್ ಮಾಡುವ ಕೆಲಸದಲ್ಲಿದ್ದಾನೆ. ಕಂಪ್ಯೂಟರಿನಲ್ಲಿ ಕ್ಯಾಡ್ ಚಿತ್ರ, ಅದರಿಂದ ಮೇಣದ ಪ್ರಿಂಟ್, ಮೇಣದ ಸುತ್ತ ಗಾರೆ, ಮೇಣ ಕರಗಿ ಹೋದ ಜಾಗಕ್ಕೆ ಚಿನ್ನ. "ಅವನು ಒಂದು ಕಾಳು ಮಾಡಿ ಐವತ್ತು ಕಾಪಿ ಹೊಡೀತಾನಂತೆ ಕಣವ್ವ. ನಿನಗೆ ಗೊತ್ತಿರಬೇಕಲ್ಲ, ಅದ್ರಲ್ಲಿ ಒಂದೊಂದು ಬೇರೆ ಬೇರೆ ಬರೋ ಹಂಗೆ ಮಾಡಕಾಗಲ್ವಾ?" ಆಗುತ್ತೆ ಆಚಾರ್ರೇ, ಪ್ರೋಗ್ರಾಮಿನಲ್ಲಿ ರ‍್ಯಾಂಡಮ್ ಅಂತ ಹಾಕಿದರೆ ಆಯ್ತು ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಂದ್ರೆ ಅದು ಅವಲಕ್ಕಿ ನೋಡೇ ಇರಲ್ಲ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಗ ಈ ಮಣೆಗೆ ಬಂದು ಕೂರಲಿ ಅನ್ನೋ ಆಸೆ ಅವರಿಗೆ ಇದ್ದ ಹಾಗಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ 1963ರ ಕಥೆ ಹೇಳಿದರು. ಚೀನಾ ಯುದ್ಧ ಮುಗಿದ ಹೊಸತು. ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿ. ಆ ಜನವರಿಯಲ್ಲಿ ಚಿನ್ನ ನಿಯಂತ್ರಣದ ನಿಯಮ ಬಂತು, 14 ಕ್ಯಾರೆಟ್ಟಿಗಿಂತ ಹೆಚ್ಚಿನ ಹೊಸ ಒಡವೆ ಮಾಡುವಂತಿಲ್ಲ ಅಂತ. ಹದಿನಾಲ್ಕು ಕ್ಯಾರೆಟ್ ಚಿನ್ನ ಗಡುಸು, ನಮ್ಮ ಅಕ್ಕಸಾಲಿಗರ ಸುತ್ತಿಗೆಗೆ ಪಳಗಿದ್ದಲ್ಲ. ಜನ ಅದನ್ನು ತಾಳಿ ಮಾಡಿಸೋಕೂ ಒಪ್ಪಲಿಲ್ಲ. ದೇಶದ ಉದ್ದಗಲಕ್ಕೂ ಅಕ್ಕಸಾಲಿಗರ ಒಲೆ ಆರಿತು, ಪ್ರಾಣ ಕಳಕೊಂಡವರೂ ಇದ್ದರು. ಆಗ ಇವರಿಗೆ ಎಂಟೋ ಒಂಬತ್ತೋ ವರ್ಷ. ಅಪ್ಪ ಬೆಳ್ಳಿ ಉಡುದಾರ, ಕಾಲುಂಗುರ ಮಾಡಿಕೊಂಡು, ಅದೂ ಇಲ್ಲದ ದಿನ ಬೇರೆಯವರ ರಾಗಿ ಹೊಲಕ್ಕೆ ಕಳೆ ಕೀಳೋಕೆ ಹೋದರಂತೆ. "ಅಪ್ಪನ ಕೈ ಒರಟಾಗ್ಬುಡ್ತು. ಆಮೇಲೆ ರೂಲು ಸಡಿಲ ಮಾಡಿದ್ರು, ಆದ್ರೆ ಸಣ್ಣ ಕೆಲಸ ಆ ಕೈಗೆ ವಾಪಸ್ ಬರಲೇ ಇಲ್ಲ." ಚಿನ್ನ ನಿಯಂತ್ರಣ ಕಾಯ್ದೆ ಪೂರ್ತಿ ರದ್ದಾದದ್ದು 1990ರಲ್ಲಿ. ಇವರ ಪಾಲಿಗೆ ಈಗಲೂ ಆ ಕೆಲಸ ಯಾವತ್ತು ಬೇಕಾದರೂ ನಿಲ್ಲಬಹುದಾದ ಕೆಲಸ. 2021ರಿಂದ ಹಾಲ್‌ಮಾರ್ಕ್ ಕಡ್ಡಾಯವಾದಾಗಲೂ ಮೊದಲು ಹೆದರಿದ್ದರಂತೆ. ಆದರೆ ಇವರು ಮಾರುವವರಲ್ಲ, ಕೂಲಿಗೆ ಮಾಡಿಕೊಡುವವರು. ಒಡವೆಯ ಮೇಲೆ ಆರು ಅಕ್ಷರದ ನಂಬರ್ ಹಾಕಿಸೋದು ಅಂಗಡಿಯವರ ಜವಾಬ್ದಾರಿ.

ಬಡಿದ ಕಾಳುಗಳನ್ನು ದಾರಕ್ಕೆ ಹೊಂದಿಸುವಾಗ ಅವರು ಸರವನ್ನು ಪೂರ್ತಿ ಬಿಚ್ಚಿ ಹರಡಿದರು. ಐವತ್ತಾರು ಕಾಳು. "ನಾಲ್ಕು ಬಿದ್ದು ಹೋಗಿದೆ ಅಂತ ಅಮ್ಮ ಹೇಳಿದ್ರು" ಅಂದೆ.

"ಬಿದ್ದಿಲ್ಲ ಕಣವ್ವ. ನಾನೇ ಬಿಚ್ಚಿದ್ದು."

ಅಜ್ಜಿ ಒಂದೊಂದಾಗಿ ತಂದು ಬಿಚ್ಚಿಸಿಕೊಂಡು ದುಡ್ಡು ತೆಗೆದುಕೊಂಡು ಹೋಗಿದ್ದರಂತೆ. ಮೊದಲನೆಯದು ತಾತ ಆಸ್ಪತ್ರೆಯಲ್ಲಿದ್ದಾಗ. ಎರಡು ಯಾವ್ಯಾವುದಕ್ಕೋ, ಅವರಿಗೂ ನೆನಪಿಲ್ಲ. ಕೊನೆಯದು 2013ರಲ್ಲಿ. "ನೀನು ಇಂಜಿನಿಯರಿಂಗ್ ಸೇರಿದ್ಯಲ್ಲ, ಅದೇನೋ ಚಿತ್ರ ಬರೆಯೋ ಕಡ್ಡಿ ಬೇಕಂತೆ ಅಂದ್ರು ನಿಮ್ಮಜ್ಜಿ."

ಮಿನಿ ಡ್ರಾಫ್ಟರ್. ಮೊದಲ ವರ್ಷದ ಇಂಜಿನಿಯರಿಂಗ್ ಡ್ರಾಯಿಂಗಿಗೆ ಬೇಕಿತ್ತು, ಜೊತೆಗೆ ಕ್ಯಾಲ್ಕುಲೇಟರ್. ಅಪ್ಪ ಫೀಸಿಗೆ ಸಾಲ ಮಾಡಿ ಸುಸ್ತಾಗಿದ್ದರು, ನಾನು ಅಜ್ಜಿಯ ಹತ್ತಿರ ಗೊಣಗಿದ್ದೆ. ಎರಡು ದಿನ ಬಿಟ್ಟು ಸೀರೆಯ ಸೆರಗಿನ ಗಂಟಿನಿಂದ ದುಡ್ಡು ತೆಗೆದು ಕೊಟ್ಟರು. ಹಾಲಿನ ದುಡ್ಡು ಅಂದರು, ನಾನೂ ನಂಬಿದೆ. ಆ ಡ್ರಾಫ್ಟರನ್ನು ಎರಡು ಸೆಮಿಸ್ಟರ್ ಆದ ಮೇಲೆ ಜೂನಿಯರ್ ಒಬ್ಬಳಿಗೆ ಅರ್ಧ ಬೆಲೆಗೆ ಮಾರಿ ಸಿನಿಮಾ ನೋಡಿದ್ದೆ.

ನನ್ನ ಮುಖ ನೋಡಿಯೋ ಏನೋ ಆಚಾರ್ರು, "ಕಾಳು ಹುಣಿಸೆಹಣ್ಣಿನ ನೀರಲ್ಲಿ ವಸಿ ನೆನೀಬೇಕು. ದೇವಸ್ಥಾನದ ಕಡೆ ಒಂದು ಸುತ್ತು ಹೋಗ್ಬಾ" ಅಂದರು. ಕಣ್ಣು ತೆಗೀಬೇಡ ಅಂದಿದ್ದರು ಅಮ್ಮ. ಎದ್ದು ಹೋದೆ.

ಕೊರವಂಗಲದ ಬೂಚೇಶ್ವರ ದೇವಸ್ಥಾನ ನೋಡದವರು ಹಾಸನದ ಕಡೆ ಬಂದಾಗ ನೋಡಿ. ಅರಸೀಕೆರೆ ರಸ್ತೆಯಲ್ಲಿ, ಊರಿಂದ ಹತ್ತು ಕಿಲೋಮೀಟರ್ ಆಸುಪಾಸು. ಎರಡನೇ ವೀರಬಲ್ಲಾಳ ಪಟ್ಟಕ್ಕೆ ಬಂದ 1173ರಲ್ಲಿ ಅವನ ಅಧಿಕಾರಿ ಬೂಚಿರಾಜ ಕಟ್ಟಿಸಿದ್ದು. ಶಿವನ ಗುಡಿಗೆ ಎದುರಾಗಿ ಸೂರ್ಯನ ಗುಡಿ. ಬೇಲೂರು, ಹಳೇಬೀಡು, ಸೋಮನಾಥಪುರಕ್ಕೆ 2023ರಲ್ಲಿ ಯುನೆಸ್ಕೋ ಪಟ್ಟ ಸಿಕ್ಕಿತು, ಇದಕ್ಕೆ ಇಲ್ಲ. ಜನವೂ ಇರಲಿಲ್ಲ. ನನಗೆ ಅವತ್ತು ಅದೇ ಬೇಕಿತ್ತು.

ಹೊಯ್ಸಳರ ವಿಗ್ರಹಗಳಿಗೆ ಬಟ್ಟೆಗಿಂತ ಒಡವೆ ಜಾಸ್ತಿ ಅಂತ ನಾವು ಸ್ಕೂಲಿನಲ್ಲಿ ನಗುತ್ತಿದ್ದೆವು. ಈಗ ಹತ್ತಿರ ನಿಂತು ನೋಡಿದರೆ ಕಣ್ಣು ಒಡವೆಗೇ ಹೋಯಿತು. ಕೊರಳ ಹಾರದ ಅಡಿಯಲ್ಲಿ ನೆರಳು ಬೀಳುವಷ್ಟು ಕೊರೆದಿದ್ದಾರೆ. ತೋಳುಬಂದಿ, ಒಡ್ಯಾಣ, ಅದರಿಂದ ಇಳಿಬಿದ್ದ ಮುತ್ತಿನ ಎಳೆಗಳು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಆಮೇಲೆ ಗಟ್ಟಿಯಾಗುತ್ತೆ, ಅದಕ್ಕೇ ಇಷ್ಟು ಸೂಕ್ಷ್ಮ ಕೆಲಸ ಸಾಧ್ಯವಾಯಿತು.

ವಾಪಸ್ ಬಂದು, "ನಿಮಗೆ ಡಿಸೈನಿಗೆ ದೇವಸ್ಥಾನ ಪಕ್ಕದಲ್ಲೇ ಇದೆ ಬಿಡಿ" ಅಂದೆ. ಬೆಂಗಳೂರಿನಲ್ಲಿ ಟೆಂಪಲ್ ಜ್ಯುವೆಲ್ಲರಿ ಅಂತ ಮಾರೋದನ್ನು ನೋಡಿ ಬಂದವಳು ನಾನು. ಆಚಾರ್ರು ತಲೆ ಎತ್ತದೆ, "ಅಲ್ಲಿಂದ ನಾವ್ಯಾಕೆ ತಗೊಳಾಣ? ಅವರು ನಮ್ಮನ್ನ ನೋಡಿ ಕೆತ್ತಿದ್ದು" ಅಂದರು.

ಜಂಬ ಅನ್ನಿಸಿತು. ಆದರೆ ಹೊಯ್ಸಳ ಶಿಲ್ಪದಲ್ಲಿ ಅಕ್ಕಸಾಲಿಗರ, ದಂತದ ಕೆಲಸದವರ ಕೈ ಕಾಣುತ್ತೆ ಅಂತ ಇತಿಹಾಸಕಾರರೂ ಬರೆಯುತ್ತಾರೆ. ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನ, ಐದೂ ಕೆಲಸದವರು ಸೇರಿಯೇ ಪಾಂಚಾಳರು. ಬೇಲೂರಿನ ಶಾಸನದಲ್ಲಿರುವ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಕಲ್ಲಿನವರು. ಅವರ ನೆಂಟರಲ್ಲಿ ಯಾರಾದರೂ ಒಬ್ಬ ಅಗ್ಗಿಷ್ಟಿಕೆಯ ಮುಂದೆ ಕೂತವನು ಇದ್ದೇ ಇರುತ್ತಾನೆ ಅನ್ನೋದು ನನ್ನ ಊಹೆ. ಅವರಿಬ್ಬರ ಹೆಸರಾದರೂ ಕಲ್ಲಿನಲ್ಲಿ ಉಳಿಯಿತು. ಅಜ್ಜಿಯ ಸರ ಮಾಡಿದವರು ಯಾರು ಅಂತ ನಮ್ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಸಾವಿರ ಸಲ ಕರಗಿ ಬೇರೆ ಆಗೋ ವಸ್ತು, ಅದರ ಮೇಲೆ ಯಾರು ಹೆಸರು ಬರೆದಾರು?

ಸಂಜೆ ಅಂಟುವಾಳದ ನೊರೆಯಲ್ಲಿ ಬ್ರಷ್ ಹಾಕಿ ತೊಳೆದು, ಹೊಸ ದಾರಕ್ಕೆ ಅರವತ್ತು ಕಾಳೂ ಪೋಣಿಸಿ ಕೊಟ್ಟರು. ಮಿಕ್ಕ ಚಿನ್ನ ಸಾಸಿವೆ ಗಾತ್ರದ ಗುಂಡಾಗಿ ಕಾಗದದ ಪೊಟ್ಟಣದಲ್ಲಿ. ಅವರು ಹಾಕಿದ ಶುದ್ಧ ಚಿನ್ನದ ಬೆಲೆ ಬೇರೆ, ಕೂಲಿ ಅಂತ ಹೇಳಿದ್ದು ನಾನು ಆಫೀಸ್ ಹತ್ತಿರ ಎರಡು ಸಲ ಕಾಫಿ, ಕೇಕ್ ತಿಂದರೆ ಆಗುವಷ್ಟು ದುಡ್ಡು. ಜಾಸ್ತಿ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ತಟ್ಟೆಯ ಅವಲಕ್ಕಿಗೆ ಅಷ್ಟರಲ್ಲಿ ಕಾಯಿ, ಬೆಲ್ಲ ಬಿದ್ದಿತ್ತು. ಅದನ್ನು ತಿಂದೇ ಹೊರಟೆ.

ಮನೆಯಲ್ಲಿ ಅಮ್ಮ ದೀಪದ ಕೆಳಗೆ ಸರ ಹಿಡಿದು, ಹೊಸ ನಾಲ್ಕು ಯಾವುದು ಅಂತ ಹುಡುಕಿದರು. ಮೂರು ಸಿಕ್ಕಿತು, ನಾಲ್ಕನೆಯದು ಸಿಗಲಿಲ್ಲ. ಡ್ರಾಫ್ಟರ್ ವಿಷಯ ಹೇಳಿದೆ. ಅವರಿಗೂ ಗೊತ್ತಿರಲಿಲ್ಲ. ತಂಗಿಗೆ ಊಟದ ಹೊತ್ತಿಗೆ ಹೇಳಿದೆವು. ಸರವನ್ನು ಕೊರಳಿಗೆ ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡಳು, ಚೆನ್ನಾಗಿದೆ ಅಂದಳು. ನೆಕ್ಲೇಸ್ ಫೋಟೋ ಮಾತ್ರ ಇನ್ನೂ ಅವಳ ಫೋನಿನಲ್ಲಿದೆ. ಮದುವೆಗೆ ಇನ್ನೂ ಎರಡು ತಿಂಗಳಿದೆ.